ಕಿತ್ತೂರು ಅರಮನೆ: ಧ್ರುವನಕ್ಷತ್ರದ ತೂತು, ಬೆಲ್ಲದ ಗಾರೆ ಮತ್ತು ನಮ್ಮ ಹಳೇ ಮನೆಗಳು

ಪ್ರತಿ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ಬಂದಾಗ ವಾಟ್ಸಾಪ್‌ನಲ್ಲಿ ಕೋಟೆಯ ಫೋಟೋಗಳು ಓಡಾಡುತ್ತವೆ. ಜೊತೆಗೆ ಮೂರು ಮಾತುಗಳೂ ಇರುತ್ತವೆ. ಅವುಗಳಲ್ಲಿ ನಿಜವೆಷ್ಟು ಎಂದು ಒಂದೊಂದಾಗಿ ನೋಡೋಣ.

ಮಾತು 1: ಅರಮನೆ ಚೆನ್ನಮ್ಮನ ಕಾಲದಲ್ಲಿ ಇದ್ದ ಹಾಗೇ ಇದೆ

ಇಲ್ಲ. ಕೋಟೆ, ಅರಮನೆಗಳನ್ನು ಕಟ್ಟಿಸಿದ್ದು 17ನೇ ಶತಮಾನದ ಅಲ್ಲಪ್ಪಗೌಡ ಸರದೇಸಾಯಿ ಎನ್ನಲಾಗುತ್ತದೆ. ಅಂದರೆ ಚೆನ್ನಮ್ಮನ ಕಾಲಕ್ಕೇ ಅದು ಹಳೆಯ ಕಟ್ಟಡ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲಿ ಸತ್ತ. ಡಿಸೆಂಬರ್‌ನಲ್ಲಿ ಬ್ರಿಟಿಷರು ಮತ್ತೆ ಬಂದು ಕೋಟೆ ಹಿಡಿದರು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು; ಅಲ್ಲೇ 1829ರಲ್ಲಿ ಆಕೆ ತೀರಿಕೊಂಡರು. ಇಂದು ಉಳಿದಿರುವುದು ಹೆಚ್ಚಾಗಿ ಗೋಡೆಗಳು. ಚಾವಣಿ ಹೋದ ಮೇಲೆ ಗೋಡೆಯ ನೆತ್ತಿಗೆ ನೇರವಾಗಿ ಮಳೆ ಬೀಳುತ್ತದೆ. ಯುದ್ಧ ಮುಗಿದ ಮೇಲೂ ಕಟ್ಟಡ ಸವೆಯುತ್ತಲೇ ಹೋಗುವುದು ಹೀಗೆ.

ಮಾತು 2: ತೂತಿನಲ್ಲಿ ಕಣ್ಣಿಟ್ಟರೆ ಧ್ರುವನಕ್ಷತ್ರ ಯಾವಾಗಲೂ ಕಾಣುತ್ತದೆ

‘ಕಾಣುತ್ತದೆ’ ಎಂಬುದು ಸಾಧ್ಯ, ‘ಯಾವಾಗಲೂ’ ಎಂಬುದು ತಪ್ಪು. ಒಂದು ಊರು ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದೆಯೋ, ಧ್ರುವನಕ್ಷತ್ರ ಕ್ಷಿತಿಜದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕಿತ್ತೂರಿಗೆ ಅದು ಸುಮಾರು 15.6 ಡಿಗ್ರಿ. ಹಾಗಾಗಿ ಕೊಳವೆ ಉತ್ತರಕ್ಕೆ ಮುಖ ಮಾಡಿ ಅಷ್ಟೇ ಓರೆಯಾಗಿರಬೇಕು. ಮೊಬೈಲಿನ ದಿಕ್ಸೂಚಿ ಮತ್ತು ಮಟ್ಟ ನೋಡುವ ಆ್ಯಪ್‌ನಿಂದ ಇದನ್ನು ಯಾರಾದರೂ ಅಳೆಯಬಹುದು.

ಇನ್ನೊಂದು ವಿಷಯ: ಈ ನಕ್ಷತ್ರ ಪೂರ್ತಿ ನಿಶ್ಚಲವಲ್ಲ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೊನೆಯುತ್ತದೆ. ಹಾಗಾಗಿ 17ನೇ ಶತಮಾನದ ಕೊನೆಯಲ್ಲಿ ಧ್ರುವನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಸುಮಾರು ಎರಡೂವರೆ ಡಿಗ್ರಿ ದೂರವಿತ್ತು. ಇಂದು ಒಂದು ಡಿಗ್ರಿಗಿಂತ ಕಡಿಮೆ. ಆಗ ಅದು ದಿನವೂ ಸುತ್ತುತ್ತಿದ್ದ ವೃತ್ತ ಇಂದಿಗಿಂತ ದೊಡ್ಡದು. ಕಿರಿದಾದ ಉದ್ದ ಕೊಳವೆಯಲ್ಲಿ ಅದು ರಾತ್ರಿಯಿಡೀ ನಿಲ್ಲುತ್ತಿರಲಿಲ್ಲ.

ಮಾತು 3: ಬೆಲ್ಲ ಹಾಕಿದ ಗಾರೆ ಸಿಮೆಂಟಿಗಿಂತ ಗಟ್ಟಿ

ಸುಣ್ಣದ ಗಾರೆಗೆ ಬೆಲ್ಲ, ಅಳಲೆಕಾಯಿ ಬೆರೆಸುತ್ತಿದ್ದದ್ದು ನಿಜ. ಆದರೆ ಭಾರ ಹೊರುವ ಶಕ್ತಿಯಲ್ಲಿ ಸಿಮೆಂಟೇ ಮುಂದು. ಸುಣ್ಣದ ದೊಡ್ಡ ಗುಣ ಬೇರೆ: ಅದು ಮೆದು, ಮತ್ತು ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಹಳೇ ಗೋಡೆಗೆ ಬೇಕಾದದ್ದು ಅದೇ.

ನಮಗೆ ಇದರಿಂದೇನು?

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳೇ ವಾಡೆಗಳಿಗೆ, ಜಂತಿ ಮನೆಗಳಿಗೆ ಇದೇ ಪಾಠ. ‘ಗಟ್ಟಿಯಾಗಲಿ’ ಎಂದು ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ, ನೆಲದಿಂದ ಏರುವ ಮತ್ತು ಬಿರುಕಿನಿಂದ ಇಳಿಯುವ ನೀರು ಒಳಗೇ ಉಳಿಯುತ್ತದೆ. ಹೊರಗಿನಿಂದ ಗೋಡೆ ಹೊಸದಾಗಿ ಕಾಣುತ್ತದೆ, ಒಳಗೆ ಮಣ್ಣು ಮೆತ್ತಗಾಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಈ ಭಾಗದಲ್ಲಿ ಬಿದ್ದ ಮಣ್ಣಿನ ಮನೆಗಳನ್ನು ಯಾರೂ ಮರೆತಿಲ್ಲ.

ಮಾಳಿಗೆಯ ಭಾರವನ್ನೂ ಲೆಕ್ಕ ಹಾಕಿ. ಹತ್ತು ಅಡಿ ಚೌಕದ ಕೋಣೆಯ ಮೇಲೆ ನಾಲ್ಕು ಇಂಚು ಮಣ್ಣು ಹಾಕಿದರೆ ಸುಮಾರು ಒಂದೂವರೆ ಟನ್. ನೆನೆದರೆ ಇನ್ನೂ ಹೆಚ್ಚು. ಸೋರಿತೆಂದು ವರ್ಷವರ್ಷ ಹೊಸ ಮಣ್ಣು ಹೇರುವ ಮೊದಲು ಹಳೆಯದನ್ನು ತೆಗೆಯಿರಿ, ಜಂತಿಯ ತುದಿಗಳಿಗೆ ಗೆದ್ದಲು ಹಿಡಿದಿದೆಯೇ ನೋಡಿ. ಗೋಡೆ ಉಬ್ಬಿದ್ದರೆ, ಬಾಗಿಲು ದಿಢೀರನೆ ಬಿಗಿಯಾದರೆ, ಮಳೆಗಾಲದಲ್ಲಿ ಆ ಕೋಣೆಯಲ್ಲಿ ಮಲಗಬೇಡಿ, ಎಂಜಿನಿಯರ್‌ಗೆ ತೋರಿಸಿ.

ಕೋಟೆಯ ಫೋಟೋ ಖಂಡಿತ ಹಂಚಿಕೊಳ್ಳಿ. ಜೊತೆಗೆ, ಹಳೇ ಮನೆಯಲ್ಲಿರುವವರಿಗೆ ಈ ಕೊನೆಯ ಮಾತನ್ನೂ ಕಳಿಸಿ.