ಮುಸುಕು ಯಾರಿಗೆ?

ಹೊಲದ ಒಡೆಯ ಯಾರೆಂದು ತಿಳಿಯಬೇಕಾದರೆ ಸರ್ವೆ ನಂಬರು ಹಿಡಿದು ಪಹಣಿ ನೋಡಿದರಾಯಿತು. ಅಂತರಜಾಲದ ಹೆಸರುಗಳಿಗೂ ಅಂಥದೇ ಒಂದು ಪಹಣಿಯಿತ್ತು. 1980ರ ದಶಕದಲ್ಲಿ ಹುಟ್ಟಿದ ಅದರ ಹೆಸರು 'ಹೂಈಸ್'. ಡೊಮೈನ್ ನೋಂದಾಯಿಸಿದವರ ಹೆಸರು, ವಿಳಾಸ, ದೂರವಾಣಿಗಳನ್ನು ಅದರಲ್ಲಿ ಯಾರು ಬೇಕಾದರೂ ನೋಡಬಹುದಾಗಿತ್ತು.

2018ರ ಮೇ ತಿಂಗಳಲ್ಲಿ ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಾರಿಗೆ ಬಂತು. ಡೊಮೈನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆ ಒಡೆಯರ ವಿವರ ಮರೆಮಾಡಲು ಒಪ್ಪಿತು. ವ್ಯಕ್ತಿಗಳ ಮಟ್ಟಿಗೆ ಇದನ್ನು ನಾವು ಸ್ವಾಗತಿಸುತ್ತೇವೆ. ಅಧಿಕಾರಸ್ಥರ ಹುಳುಕು ಬರೆಯುವವನ ಮನೆಯ ವಿಳಾಸ ಗೂಂಡಾಗಳ ಕೈಗೆ ಸಿಗಬಾರದು.

ಆದರೆ ಆ ಕಾನೂನು ಕಾಪಾಡುವುದು ಮನುಷ್ಯರನ್ನು. ಕಂಪನಿಗಳಿಗೆ ಅದರ ರಕ್ಷಣೆಯಿಲ್ಲ. ಹಾಗಿದ್ದರೂ ಇಬ್ಬರನ್ನೂ ಬೇರ್ಪಡಿಸುವ ಹೊಣೆಯನ್ನು ಐಕ್ಯಾನ್ ನೋಂದಣಿದಾರರ ಮೇಲೆ ಹೊರಿಸಲಿಲ್ಲ. ಸಾಮಾನ್ಯನಿಗಾಗಿ ಹೊಲಿದ ಮುಸುಕನ್ನು ಬಂಡವಾಳಗಾರನೂ ಹೊದ್ದುಕೊಂಡ. 2025ರ ಜನವರಿಯಲ್ಲಿ ಹೂಈಸ್‌ನ ಸ್ಥಾನಕ್ಕೆ ಆರ್‌ಡಿಎಪಿ ಬಂದರೂ ಮುಸುಕು ಸರಿಯಲಿಲ್ಲ. ನೋಂದಣಿಯ ತಾರೀಖು ಸಿಗುತ್ತದೆ. ಒಡೆಯನ ಹೆಸರು ಬಹುಪಾಲು ಸಿಗುವುದಿಲ್ಲ.

ಅಂತರಜಾಲದ ಅಂಗಡಿಗೆ ಹಣ ಕಟ್ಟಿ ಮೋಸಹೋದ ಕೂಲಿಕಾರ ಯಾರ ಬಾಗಿಲು ತಟ್ಟಬೇಕು? ಐಕ್ಯಾನ್‌ನ ಸರ್ಕಾರಿ ಸಲಹಾ ಸಮಿತಿಯಲ್ಲಿ ಭಾರತಕ್ಕೂ ಸ್ಥಾನವಿದೆ. ನಮ್ಮ ಸರ್ಕಾರ ಅಲ್ಲಿ ಈ ಪ್ರಶ್ನೆ ಎತ್ತಲೇಬೇಕು. ವ್ಯಕ್ತಿಗೆ ಮರೆ ಇರಲಿ. ಜನರಿಂದ ಹಣ ಕೇಳುವವನು ಮೊದಲು ತನ್ನ ಹೆಸರು ಹೇಳಲಿ.