ತಂದೆಯ ತಿಥಿ ಯಾವ ದಿನ?

‘ಇಂದು ಅವರ ಮನೆಯಲ್ಲಿ ತಿಥಿ’ ಎಂದರೆ ಕನ್ನಡಿಗರಿಗೆ ಬೇರೆ ವಿವರಣೆ ಬೇಡ, ಶ್ರಾದ್ಧವೆಂದೇ ತಿಳಿಯುತ್ತಾರೆ. ಪಂಚಾಂಗದ ಮೊದಲನೆಯ ಅಂಗದ ಹೆಸರು ಹೀಗೆ ಮೃತರ ಸ್ಮರಣೆಗೆ ಅಂಟಿಕೊಂಡುದು ಅಕಾರಣವಲ್ಲ. ಶ್ರಾದ್ಧವನ್ನು ನಿಶ್ಚಯಿಸುವುದು ತಾರೀಖಿನಿಂದಲ್ಲ. ಪ್ರಾಣ ಹೋದ ಮಾಸ, ಪಕ್ಷ, ತಿಥಿಗಳಿಂದ.

ಅಮಾವಾಸ್ಯೆಯ ಅಂತ್ಯದಲ್ಲಿ ಸೂರ್ಯಚಂದ್ರರು ಒಂದೇ ರೇಖಾಂಶದಲ್ಲಿರುತ್ತಾರೆ. ಅಲ್ಲಿಂದ ಚಂದ್ರನು ಸೂರ್ಯನಿಗಿಂತ 12 ಅಂಶ ಮುಂದೆ ಸಾಗಿದಾಗ ಪಾಡ್ಯ ಮುಗಿಯಿತು. 24 ಅಂಶವಾದಾಗ ಬಿದಿಗೆ. 360 ಅಂಶ ತುಂಬುವಷ್ಟರಲ್ಲಿ 30 ತಿಥಿಗಳು. ಆದರೆ ಚಂದ್ರನ ನಡೆ ಸಮವಲ್ಲ. ಭೂಮಿಗೆ ಸಮೀಪಿಸಿದಾಗ ಶೀಘ್ರ, ದೂರವಾದಾಗ ಮಂದ. ಆದಕಾರಣ ಒಂದು ತಿಥಿ ಸುಮಾರು 20 ಗಂಟೆಗಳಲ್ಲಿಯೇ ತೀರಿದರೆ ಇನ್ನೊಂದು 26 ಗಂಟೆಗಳನ್ನೂ ಮೀರುತ್ತದೆ. ನಡುಹಗಲೋ ನಡುರಾತ್ರಿಯೋ, ಯಾವ ಗಳಿಗೆಯಲ್ಲಾದರೂ ಅದು ಬದಲಾಗಬಹುದು.

ಸೂರ್ಯೋದಯಕ್ಕೆ ಇರುವ ತಿಥಿಯ ಹೆಸರನ್ನು ಇಡೀ ದಿನಕ್ಕೆ ಕೊಡುವುದು ವಾಡಿಕೆ. ಎರಡು ಸೂರ್ಯೋದಯಗಳನ್ನು ಕಂಡುದು ವೃದ್ಧಿತಿಥಿ; ಒಂದನ್ನೂ ಕಾಣದುದು ಕ್ಷಯತಿಥಿ. ಗೋಡೆಯ ಕ್ಯಾಲೆಂಡರಿನಲ್ಲಿ ತಂದೆಯ ತಿಥಿಯೇ ಕಾಣೆಯಾದಾಗ ಮಗನು ಗಾಬರಿಗೊಳ್ಳುವುದುಂಟು. ಆ ಗಾಬರಿ ಅನಾವಶ್ಯಕ. ವಾರ್ಷಿಕ ಶ್ರಾದ್ಧಕ್ಕೆ ನೋಡಬೇಕಾದುದು ಅಪರಾಹ್ಣದ ತಿಥಿಯನ್ನು; ಅಂದರೆ ಹಗಲನ್ನು ಐದು ಪಾಲು ಮಾಡಿದಾಗ ನಾಲ್ಕನೆಯ ಪಾಲಿನಲ್ಲಿರುವುದನ್ನು. ಬೆಳಗಾದ ಕೆಲವೇ ಗಂಟೆಗಳಲ್ಲಿ ಹುಟ್ಟಿ ಮರುದಿನದ ನಸುಕಿನವರೆಗೆ ನಡೆಯುವ ಕ್ಷಯತಿಥಿ ಆ ವೇಳೆಯಲ್ಲಿ ಇದ್ದೇ ಇರುತ್ತದೆ.

ನಿಜವಾದ ತೊಡಕು ಪಂಚಾಂಗಗಳ ಗಣಿತದ್ದು. ಸೂರ್ಯಸಿದ್ಧಾಂತದ ಗಣಿತಕ್ಕೆ ‘ಬಾಣವೃದ್ಧಿ, ರಸಕ್ಷಯ’ ಎಂಬ ನಿಯಮವಿದೆ. ಬಾಣವೆಂದರೆ ಐದು, ರಸವೆಂದರೆ ಆರು. 60 ಗಳಿಗೆಗೆ ಐದು ಹೆಚ್ಚಬಹುದು, ಆರು ತಗ್ಗಬಹುದು, ಅದಕ್ಕೂ ಮೀರಲಾರದು. ಪ್ರತ್ಯಕ್ಷ ವೇಧಕ್ಕೆ ಹೊಂದುವ ದೃಗ್ಗಣಿತದಲ್ಲಿ ಈ ಏರಿಳಿತ ಇನ್ನೂ ದೊಡ್ಡದು. ಹೀಗಾಗಿ ಒಂದೇ ತಿಥಿಯ ಅಂತ್ಯಕಾಲ ಎರಡು ಪಂಚಾಂಗಗಳಲ್ಲಿ ಗಂಟೆಗಳಷ್ಟು ಬೇರೆಯಾಗಿ, ಅಣ್ಣನ ಮನೆಯಲ್ಲಿ ಇಂದು, ತಮ್ಮನ ಮನೆಯಲ್ಲಿ ನಾಳೆ ಶ್ರಾದ್ಧ ನಡೆಯುವುದೂ ಉಂಟು! ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕಗೊಂಡ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ವರದಿಯನ್ನೊಪ್ಪಿಸಿ ಆಧುನಿಕ ಗಣಿತವನ್ನೇ ಎತ್ತಿಹಿಡಿಯಿತು. ಮನೆತನದ ಪದ್ಧತಿ ಮಾತ್ರ ಸಮಿತಿಗಳ ಮಾತನ್ನು ಸುಲಭವಾಗಿ ಕೇಳುವಂಥದಲ್ಲ.

ಅನೇಕರು ಮರಣದ ತಾರೀಖನ್ನಷ್ಟೇ ಬರೆದಿಡುತ್ತಾರೆ. ಒಂದು ತಾರೀಖಿನಲ್ಲಿ ಸಾಮಾನ್ಯವಾಗಿ ಎರಡು ತಿಥಿಗಳು ಬರುವುದರಿಂದ ಅದೊಂದೇ ಸಾಲದು; ಪ್ರಾಣ ಹೋದ ವೇಳೆಯನ್ನೂ ಗುರುತಿಟ್ಟರೆ ಎಷ್ಟು ವರ್ಷಗಳ ಮೇಲಾದರೂ ಲೆಕ್ಕಹಾಕಿ ತಿಥಿಯನ್ನು ಕಂಡುಕೊಳ್ಳಬಹುದು. ತಿಥಿ ತಿಳಿಯದೆ ಹೋದವರಿಗೆ ಭಾದ್ರಪದದ ಮಹಾಲಯ ಅಮಾವಾಸ್ಯೆಯಿದೆ.