ಎಣ್ಣೆಯ ಹನಿಯೂ ನಮ್ಮ ಪ್ರಶ್ನಾವಳಿಯೂ

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಭೌತಶಾಸ್ತ್ರದ ಮಾತನ್ನೆತ್ತಿದರೆ ವಿಜ್ಞಾನ ಓದುವ ಮಿತ್ರರು ನಗಬಹುದು. ನಗಲಿ. ನನ್ನ ಮಾತು ಕೊನೆಗೆ ಬಂದು ನಿಲ್ಲುವುದು ನಮ್ಮ ಅಂಗಳದಲ್ಲಿಯೇ.

ಹೆಂಚಿನ ಸಂದಿನಿಂದ ಬಿಸಿಲಕೋಲು ಒಳಗಿಳಿದಾಗ, ಅದುವರೆಗೆ ಕಾಣದಿದ್ದ ಧೂಳಿನ ಕಣಗಳು ಮಿನುಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಮಿಲಿಕನ್ನರೂ ಅವರ ಶಿಷ್ಯ ಹಾರ್ವೆ ಫ್ಲೆಚರರೂ 1909ರಲ್ಲಿ ತೊಡಗಿದ ಪ್ರಯೋಗಕ್ಕೆ ಇದೇ ಆಸರೆ. ಅತಿ ಸಣ್ಣ ಎಣ್ಣೆಹನಿಯ ಮೇಲಿನ ವಿದ್ಯುದಾವೇಶವನ್ನು ಅಳೆಯಬೇಕು. ತಂತಿ ಮುಟ್ಟಿಸಿದರೆ ಆವೇಶವೇ ಹರಿದುಹೋದೀತು. ಆದುದರಿಂದ ಬೆಳಕನ್ನು ಹಾಯಿಸಿ ನೋಡುವುದೇ ದಾರಿ. ಎರಡು ಲೋಹದ ತಟ್ಟೆಗಳ ನಡುವೆ ಹನಿಗಳನ್ನು ಬಿಟ್ಟು, ಪಕ್ಕದಿಂದ ಪ್ರಖರವಾದ ಬೆಳಕು ಬೀರಿದರೆ, ಕತ್ತಲಲ್ಲಿ ಒಂದೊಂದು ಹನಿಯೂ ನಕ್ಷತ್ರದಂತೆ ಹೊಳೆಯುತ್ತದೆ. ಅದು ತಾನಾಗಿ ಇಳಿಯುವ ವೇಗದಿಂದ ಅದರ ತೂಕ ತಿಳಿಯುತ್ತದೆ. ತಟ್ಟೆಗಳಿಗೆ ವಿದ್ಯುತ್ತು ಕೊಟ್ಟಾಗ ಮೇಲೇರುವ ವೇಗದಿಂದ ಆವೇಶ ತಿಳಿಯುತ್ತದೆ. ಪುಟ್ಟ ದುರ್ಬೀನಿಗೆ ಕಣ್ಣಿಟ್ಟು, ಒಂದೇ ಹನಿ ಗೆರೆಯಿಂದ ಗೆರೆಗೆ ಸಾಗುವ ಹೊತ್ತನ್ನು ಗಂಟೆಗಟ್ಟಲೆ ಅಳೆದ ತಾಳ್ಮೆಗೆ ನಮಸ್ಕಾರ! ಆವೇಶವು ಯಾವಾಗಲೂ ಒಂದು ಕಿರಿಯ ಮೊತ್ತದ ಪೂರ್ಣ ಗುಣಿತವೆಂದು ಹೀಗೆ ತಿಳಿದುಬಂತು. 1923ರಲ್ಲಿ ಮಿಲಿಕನ್ನರಿಗೆ ನೊಬೆಲ್ ಬಹುಮಾನ ದೊರೆಯಿತು.

ಇನ್ನು ಕಹಿ ಸಂಗತಿ. 1913ರ ಲೇಖನದಲ್ಲಿ ಅವರು 58 ಹನಿಗಳ ಲೆಕ್ಕ ಕೊಟ್ಟು, 60 ದಿನಗಳಲ್ಲಿ ನೋಡಿದ ಹನಿಗಳೆಲ್ಲವೂ ಇವೇ, ಆರಿಸಿದವಲ್ಲ ಎಂದು ಹೇಳಿದರು. ಅವರ ಟಿಪ್ಪಣಿ ಪುಸ್ತಕಗಳಲ್ಲಿಯಾದರೋ ನೂರಕ್ಕೂ ಹೆಚ್ಚು ಹನಿಗಳಿವೆ. ಬಿಟ್ಟ ಹನಿಗಳನ್ನು ಸೇರಿಸಿದರೂ ಉತ್ತರ ಹೆಚ್ಚೇನೂ ಬದಲಾಗದೆಂದು ಮುಂದೆ ಪರಿಶೀಲಿಸಿದವರು ತೋರಿಸಿದರು. ಅವರ ಬೆಲೆ ಇಂದಿನದಕ್ಕಿಂತ ನೂರಕ್ಕೆ ಸುಮಾರು 0.6ರಷ್ಟು ಕಡಮೆಯಾದುದಕ್ಕೆ ಕಾರಣ, ಗಾಳಿಯ ಸ್ನಿಗ್ಧತೆಗೆ ಹಿಡಿದ ತಪ್ಪು ಬೆಲೆ. ಹನಿಯನ್ನು ಬಿಟ್ಟುದು ತಪ್ಪಲ್ಲ, ಬಿಟ್ಟಿಲ್ಲವೆಂದುದು ತಪ್ಪು ಎಂಬುದೇ ನನ್ನ ಅಭಿಪ್ರಾಯ.

ರಿಚರ್ಡ್ ಫೈನ್‌ಮನ್ನರು 1974ರ ಒಂದು ಭಾಷಣದಲ್ಲಿ ಇದರ ಬಾಲವನ್ನು ತೋರಿಸಿಕೊಟ್ಟರು. ಮಿಲಿಕನ್ನರ ನಂತರ ಅಳೆದವರ ಬೆಲೆಗಳು ಒಮ್ಮೆಲೇ ಸರಿಯಾದ ಜಾಗಕ್ಕೆ ಹೋಗಲಿಲ್ಲವಂತೆ, ಒಂದಕ್ಕಿಂತ ಒಂದು ತುಸುತುಸುವೇ ಮೇಲೇರಿದುವಂತೆ. ದೊಡ್ಡವರ ಉತ್ತರಕ್ಕೆ ದೂರವಾದರೆ ತಪ್ಪು ಹುಡುಕುವುದು, ಹತ್ತಿರವಾದರೆ ಸುಮ್ಮನಾಗುವುದು!

ಇದನ್ನೋದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಳೆದ ವರ್ಷ ನಮ್ಮ ತರಗತಿಯಿಂದ ಹಳ್ಳಿಯ ಮನೆಗಳ ಖರ್ಚುವೆಚ್ಚದ ಸಮೀಕ್ಷೆ ಮಾಡಿದೆವು. ನನ್ನ ಪಾಲಿಗೆ 20 ಮನೆ. ಎರಡು ಮನೆಯವರ ಲೆಕ್ಕ ಪಠ್ಯಪುಸ್ತಕದ ಸೂತ್ರಕ್ಕೆ ಒಗ್ಗಲಿಲ್ಲ: ಆದಾಯ ಕಡಮೆ, ಆದರೂ ಊಟಕ್ಕಿಂತ ಮಗಳ ಓದಿಗೆ ಹೆಚ್ಚು ಖರ್ಚು. ಅವರೇನೋ ತಪ್ಪು ಹೇಳಿರಬೇಕೆಂದು ಆ ಹಾಳೆಗಳನ್ನು ತೆಗೆದಿಟ್ಟು, 18 ಮನೆಗಳಿಗೇ ಹೋದೆನೆಂದು ಬರೆದೆ. ಒಳ್ಳೆಯ ಅಂಕವೂ ಬಂತು.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಪ್ರತಿಯೊಂದು ಸಮೀಕ್ಷೆಯ ಕೊನೆಗೂ ಬಿಟ್ಟ ಲೆಕ್ಕಗಳಿಗೊಂದು ಪುಟವಿರಲಿ, ಬಿಟ್ಟ ಕಾರಣವೂ ಅಲ್ಲಿರಲಿ, ಆ ಪುಟಕ್ಕೂ ಅಂಕವಿರಲಿ. ನನ್ನ ಎರಡು ಹಾಳೆಗಳು ಟ್ರಂಕಿನ ತಳದಲ್ಲಿ ಇನ್ನೂ ಇವೆ. ಈ ಲೇಖನದೊಡನೆ ಅವನ್ನೂ ನಮ್ಮ ಗುರುಗಳಿಗೆ ಒಪ್ಪಿಸುತ್ತಿದ್ದೇನೆ.